ಪರಸಿ ಕೆಳಗಿನವರು

ನಮ್ಮ ಕಡೆ ಮನೆ ಕಟ್ಟುವವರು ತಮಗಿಂತ ಮೊದಲು ಇರುವೆಗಳಿಗೆ ಮನೆ ಕಟ್ಟಿಕೊಡುತ್ತಾರೆ. ಗರಸು ತುಂಬಿ, ನೀರು ಬಿಟ್ಟು, ದಿಮ್ಮಸು ಹೊಡೆದು, ಮೇಲೆ ಶಹಾಬಾದಿನ ಪರಸಿ ಹಾಸಿ, ಸಂದಿಗೆ ಒಂದಿಷ್ಟು ಸಿಮೆಂಟು ಬಳಿದರೆ ನೆಲ ಆಯಿತು. ಗೌಂಡಿ ಕೂಲಿ ಎಣಿಸಿಕೊಂಡು ಹೋಗುತ್ತಾನೆ. ಎರಡು ಮಳೆಗಾಲ ಕಳೆಯುವುದರೊಳಗೆ ಸಂದಿಯ ಸಿಮೆಂಟು ಬಿಡುತ್ತದೆ. ಒಂದು ಬೆಳಿಗ್ಗೆ ಕಸ ಗುಡಿಸುವಾಗ ಆ ಸಂದಿಯ ಉದ್ದಕ್ಕೂ ಸಣ್ಣ ಸಣ್ಣ ಮಣ್ಣಿನ ಹರಳು ರಾಶಿ ಬಿದ್ದಿರುತ್ತವೆ. ಕೆಳಮನೆಯವರ ಗೃಹಪ್ರವೇಶ ಆಯಿತೆಂದು ತಿಳಿಯಬೇಕು. ನಮ್ಮನ್ನು ಊಟಕ್ಕೆ ಕರೆದಿರುವುದಿಲ್ಲ, ಅಷ್ಟೇ. ಊಟಕ್ಕೆ ಅವರೇ ನಮ್ಮಲ್ಲಿಗೆ ಬರುತ್ತಾರೆ.

ನಮ್ಮ ಮನೆಯಲ್ಲಿ ಇರುವೆಗಳ ಬಗ್ಗೆ ಎರಡು ನೀತಿಗಳಿವೆ. ಅವ್ವ ಶನಿವಾರ ಬೆಳಿಗ್ಗೆ ಸ್ನಾನ ಮಾಡಿ ತುಳಸಿಕಟ್ಟೆ ಪಕ್ಕದ ಗೂಡಿನ ಬಾಯಿಗೆ ಒಂದು ಚಿಟಿಕೆ ಸಕ್ಕರೆ ಬೆರೆಸಿದ ರವೆ ಹಾಕುತ್ತಾಳೆ. ನನ್ನ ಹೆಂಡತಿ ಅದೇ ಹೊತ್ತಿಗೆ ಒಲೆ ಕಟ್ಟೆಯ ಸುತ್ತ ಲಕ್ಷ್ಮಣರೇಖೆ ಚಾಕ್ ಎಳೆಯುತ್ತಾಳೆ. "ಅವಕ್ಕ ಹೊಟ್ಟಿ ಇಲ್ಲೇನು?" ಎಂದು ಅವ್ವ. "ಹೊಟ್ಟಿ ಅದ ಅತ್ತಿ, ಅದಕ್ಕೇ ಸಕ್ಕರಿ ಡಬ್ಬಿತನಕ ಬರ್ಲತ್ತಾವ" ಎಂದು ಇವಳು. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಆದ್ದರಿಂದ ನಾನು ಅಂಗಳದಲ್ಲಿ ಅವ್ವನ ಪಕ್ಷ, ಅಡುಗೆಮನೆಯಲ್ಲಿ ಹೆಂಡತಿಯ ಪಕ್ಷ. ಇರುವೆಗಳು ಯಾವ ಪಕ್ಷವನ್ನೂ ಸೇರದೆ ಅಂಗಳದ ರವೆಯನ್ನೂ ಒಯ್ದು, ರೇಖೆಯ ಆಚೆಯಿಂದ ಗೋಡೆ ಹತ್ತಿ ಡಬ್ಬಿಗೂ ಬರುತ್ತವೆ.

ಅವುಗಳ ಸಂಖ್ಯೆಯ ಮುಂದೆ ನಮ್ಮ ಎರಡೂ ನೀತಿಗಳು ನಿಲ್ಲುವುದಿಲ್ಲ. ಹಾಂಗ್‌ಕಾಂಗ್ ಮತ್ತು ಜರ್ಮನಿಯ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು 2022ರಲ್ಲಿ ಲೋಕದ ಇರುವೆಗಳ ಲೆಕ್ಕ ಹಾಕಿದರು. ಬಂದ ಅಂದಾಜು 20,000 ಲಕ್ಷ ಕೋಟಿ. ತಲೆಗೆ ಸುಮಾರು 25 ಲಕ್ಷ ಬೀಳುತ್ತದೆ. ನನ್ನ ಪಾಲಿನವು ಅಷ್ಟೂ ನಮ್ಮ ಪರಸಿಯ ಕೆಳಗೇ ಇವೆ ಎಂದು ಮನೆಯಾಕೆಯ ವಾದ. ನೆರೆಮನೆಯವರ ಪಾಲಿನಲ್ಲೂ ಕೆಲವು ಬಂದಿವೆ ಎಂದು ನನ್ನ ಗುಮಾನಿ.

ಅವು ವಾಸಿಸುವ ಆ ಕಲ್ಲಿನ ಮಾತೂ ಒಂದಿಷ್ಟು ಇದೆ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಹೊಲಗಳ ಅಡಿಗೆ ಹಾಸಿಕೊಂಡಿರುವ ಸುಣ್ಣಕಲ್ಲು ಒಂದು ಕಾಲದ ಸಮುದ್ರದ ತಳ. ಪದರ ಪದರವಾಗಿ ಕೆಸರು ಕೂತು ಕಲ್ಲಾದದ್ದು; ಐವತ್ತು ಕೋಟಿ ವರ್ಷಕ್ಕಿಂತ ಹಳೆಯದು. ಆಗ ಇರುವೆಯೂ ಇರಲಿಲ್ಲ, ಹೂವೂ ಇರಲಿಲ್ಲ. ಇರುವೆ ಬಂದದ್ದು ಬಹಳ ತಡವಾಗಿ, ಇಂದಿಗೆ ಹತ್ತು ಕೋಟಿ ವರ್ಷಕ್ಕೂ ಹಿಂದೆ, ಹೂಬಿಡುವ ಗಿಡಗಳು ನೆಲವನ್ನು ಹಿಡಿಯುತ್ತಿದ್ದ ಸುಮಾರಿಗೆ. ಅಂದಿನಿಂದ ಇಬ್ಬರಿಗೂ ಕೊಡುವುದು, ತಗೊಳ್ಳುವುದು ನಡೆದೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ದಾರಿಯಲ್ಲಿ ಮಳಖೇಡ ಬಿದ್ದಿತು.

ಸೇಡಂನಿಂದ ಕಲಬುರಗಿಗೆ ಹೋಗುವ ಹಾದಿಯಲ್ಲಿ ಕಾಗಿಣಾ ದಂಡೆಯ ಮಳಖೇಡವನ್ನು ಈಗ ಜನ ಸಿಮೆಂಟಿನ ಹೆಸರಿನಿಂದ ಗುರುತಿಸುತ್ತಾರೆ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಅಮೋಘವರ್ಷ ನೃಪತುಂಗ ಒಂಬತ್ತನೇ ಶತಮಾನದಲ್ಲಿ ಇಲ್ಲಿ ಆಳಿದ. ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಜೈನ ಪಂಡಿತರಿಗೂ ಮುನಿಗಳಿಗೂ ಅದು ಆಸರೆಯ ಊರು; ನೇಮಿನಾಥ ಬಸದಿ ಇವತ್ತಿಗೂ ಇದೆ. ನವಿಲುಗರಿಯ ಪಿಂಛಿಯಿಂದ ಕೂರುವ ಜಾಗವನ್ನು ಸವರಿಕೊಳ್ಳುವ ಆ ಮುನಿಗಳು ಜೀವಿಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿದ್ದರು. ಹುಳುವಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯನಿಗೆ ಐದು. ಇರುವೆಯ ಮೂರು ಯಾವುವೆಂದರೆ ಸ್ಪರ್ಶ, ರುಚಿ, ವಾಸನೆ. ಕಣ್ಣನ್ನು ಅವರು ಇರುವೆಗೆ ಕೊಡಲಿಲ್ಲ. ಇರುವೆಗೆ ಕಣ್ಣಿದೆ ಎಂದು ಸೂಕ್ಷ್ಮದರ್ಶಕ ಹೇಳುತ್ತದೆ ನಿಜ. ಆದರೆ ಬಹುಪಾಲು ಇರುವೆಗಳ ಸಂಸಾರ ನಡೆಯುವುದು ಮೂಗಿನ ಮೇಲೆಯೇ, ಅಂದರೆ ಮೀಸೆಯ ಮೇಲೆ. 2010ರಲ್ಲಿ ಮೊದಲ ಬಾರಿಗೆ ಎರಡು ಇರುವೆಗಳ ಜೀನೋಮ್ ಓದಿದಾಗ ವಾಸನೆ ಹಿಡಿಯುವ ಜೀನುಗಳೇ ನಾನೂರರ ಆಸುಪಾಸು ಸಿಕ್ಕವು. ಹಣ್ಣಿನ ನೊಣಕ್ಕೆ ಇರುವುದು ಅರವತ್ತರಷ್ಟು. ಮುನಿಗಳ ಪಟ್ಟಿಯನ್ನು ನಾನು ಬಹಳ ತಿದ್ದಲು ಹೋಗುವುದಿಲ್ಲ.

ಜೀನೋಮ್ ಓದಿದ ಆ ಎರಡು ಇರುವೆಗಳಲ್ಲಿ ಒಂದು ನಮ್ಮ ದೇಶದ್ದೇ, ಹಾರುವ ಇರುವೆ. ರೆಕ್ಕೆಯಿಂದಲ್ಲ, ಕಾಲು ಮಡಚಿ ಜಿಗಿಯುವುದು. ಇದರ ಗೂಡಿನಲ್ಲಿ ರಾಣಿ ಸತ್ತರೆ ಕೆಲಸಗಾರ್ತಿಯರು ಮೀಸೆ ಬಡಿದಾಡಿಕೊಂಡು ವಾರಗಟ್ಟಲೆ ಪಂದ್ಯ ನಡೆಸುತ್ತಾರೆ. ಗೆದ್ದವರಿಗೆ ಪಟ್ಟ, ಮೊಟ್ಟೆಯಿಡುವ ಹಕ್ಕು, ಹೆಚ್ಚು ಆಯುಷ್ಯ. ಪಟ್ಟ ಸಿಕ್ಕ ಮೇಲೆ ಮೆದುಳು ಐದರಲ್ಲಿ ಒಂದು ಪಾಲಿನಷ್ಟು ಕುಗ್ಗುತ್ತದೆ. ಹುದ್ದೆಯಿಂದ ಇಳಿಸಿ ಮತ್ತೆ ಕೆಲಸಕ್ಕೆ ಹಚ್ಚಿದರೆ ಮೆದುಳು ಮರಳಿ ಬೆಳೆಯುತ್ತದೆ. 2021ರಲ್ಲಿ ಪ್ರಕಟವಾದ ಸಂಶೋಧನೆ ಇದು. ಗ್ರಾಮ ಪಂಚಾಯ್ತಿ ಚುನಾವಣೆ ಹತ್ತಿರ ಬಂದಾಗ ಇದನ್ನು ಕಟ್ಟೆಯ ಮೇಲೆ ಹೇಳಬಾರದೆಂದು ನನಗೆ ಹಿರಿಯರು ಬುದ್ಧಿ ಹೇಳಿದ್ದಾರೆ.

ಮೂಗಿನ ಮಾತಿನಿಂದ ಔಡಲಕ್ಕೆ ಬರೋಣ. ನಮ್ಮ ಹೊಲಗಳ ಬದುವಿನ ಮೇಲೆ ಯಾರೂ ಬಿತ್ತದ ಔಡಲ ಗಿಡ ಒಂದೆರಡು ಇದ್ದೇ ಇರುತ್ತವೆ. ಬಂಡಿಯ ಕೀಲಿಗೆ ಎಣ್ಣೆ, ಬಾಣಂತಿಯ ತಲೆಗೆ ಎಣ್ಣೆ, ಮಕ್ಕಳ ಹೊಟ್ಟೆ ಕೆಟ್ಟರೆ ಒಂದು ಚಮಚ ಎಣ್ಣೆ. ಗಿಡ ಹೇಗೆ ಅಲ್ಲಿಗೆ ಬಂತೆಂದು ಕೇಳಿದರೆ "ತಾನೇ ಎದ್ದದ" ಎನ್ನುತ್ತಾರೆ. ಅದರ ಬೀಜವನ್ನು ಅಂಗೈ ಮೇಲೆ ಇಟ್ಟು ನೋಡಿ. ಹೊಳೆಯುವ ಚುಕ್ಕೆ ಚುಕ್ಕೆ ಸಿಪ್ಪೆ, ಒಂದು ತುದಿಯಲ್ಲಿ ಬೆಳ್ಳಗೆ ಮೆತ್ತನೆಯ ಒಂದು ಗಂಟು. ಬೀಜ ವಿಷ. ಆ ಗಂಟು ಮಾತ್ರ ಇರುವೆಗೆ ಹಿಡಿಸುವ ಕೊಬ್ಬು. ಬಿಸಿಲಿಗೆ ಒಣಗಿದ ಕಾಯಿ ಚಟ್ಟನೆ ಸಿಡಿದು ಬೀಜವನ್ನು ಒಂದಿಷ್ಟು ದೂರ ಎಸೆಯುತ್ತದೆ. ಅಲ್ಲಿಂದ ಮುಂದಿನ ಪ್ರಯಾಣ ಇರುವೆಯದು.

ಇದನ್ನು ನೋಡಬೇಕೆಂದರೆ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂರುವ ತಾಳ್ಮೆ ಬೇಕು. ಮೊದಲು ಒಂದು ದೊಡ್ಡ ಕರಿ ಇರುವೆ ಬಂದು ಬೀಜವನ್ನು ಮೀಸೆಯಿಂದ ತಡಕುತ್ತದೆ. ನುಣುಪು ಸಿಪ್ಪೆಯ ಮೇಲೆ ಅದರ ದವಡೆಗೆ ಹಿಡಿತ ಸಿಗುವುದಿಲ್ಲ. ಸುತ್ತು ಹಾಕಿ ಆ ಬಿಳಿ ಗಂಟು ಸಿಕ್ಕಿದ ಕೂಡಲೇ ಕಚ್ಚಿ ಹಿಂದಕ್ಕೆ ಎಳೆಯತೊಡಗುತ್ತದೆ. ಇನ್ನೊಂದು ಬಂದು ಎದುರು ದಿಕ್ಕಿಗೆ ಎಳೆಯುತ್ತದೆ. ಮೂರನೆಯದು ಬೀಜದ ಮೇಲೇ ಹತ್ತಿ ಕೂರುತ್ತದೆ. ಬೀಜ ಅಲ್ಲಾಡುತ್ತದೆ, ಹೊರಳುತ್ತದೆ, ಒಂದು ಹುಲ್ಲುಕಡ್ಡಿಗೆ ಸಿಕ್ಕಿಕೊಳ್ಳುತ್ತದೆ. ಅರ್ಧ ಗಂಟೆಯಲ್ಲಿ ಒಂದು ಮೊಳ ಸಾಗಿರುತ್ತದೆ. ಯಾರು ಯಾರ ಜೊತೆ ಯಾವ ಒಪ್ಪಂದ ಮಾಡಿಕೊಂಡರೋ ತಿಳಿಯುವುದಿಲ್ಲ, ಬೀಜವಂತೂ ಗೂಡಿಗೆ ಮುಟ್ಟುತ್ತದೆ. ಒಳಗೆ ಗಂಟನ್ನು ಮರಿಗಳಿಗೆ ತಿನ್ನಿಸಿ, ಗಟ್ಟಿ ಬೀಜವನ್ನು ಕಸದ ಗುಡ್ಡೆಗೆ ಒಯ್ದು ಹಾಕುತ್ತವೆ. ಆ ಗುಡ್ಡೆಯ ಮಣ್ಣು ಸುತ್ತಲಿನದಕ್ಕಿಂತ ಸತ್ವದ್ದು. ಅಲ್ಲಿ ಬೀಜ ಇಲಿಯ ಕಣ್ಣಿಗೂ ಬೆಂಕಿಯ ನಾಲಿಗೆಗೂ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಮಿರಗದ ಮಳೆ ಬಿದ್ದರೆ ಅಲ್ಲೊಂದು ಔಡಲ ತಾನೇ ಏಳುತ್ತದೆ.

ಗಿಡ ಆ ಗಂಟಿಗೆ ಹಚ್ಚಿರುವ ವಾಸನೆಯಲ್ಲಿ ಒಂದು ಚತುರತೆ ಇದೆ. ಹಣ್ಣಿನ ಸಿಹಿಯನ್ನಲ್ಲ, ಸತ್ತ ಹುಳದ ಕೊಬ್ಬನ್ನು ಹೋಲುವ ಆಮ್ಲಗಳನ್ನು ಅದರಲ್ಲಿ ತುಂಬಿಸಿದೆ. ಮಾಂಸಾಹಾರಿ ಇರುವೆ ಬೇಟೆ ಸಿಕ್ಕಿತೆಂದು ಹೊತ್ತುಕೊಂಡು ಹೋಗುತ್ತದೆ. ಹೀಗೆ ಬೀಜಕ್ಕೆ ಇರುವೆಯ ಬುತ್ತಿ ಕಟ್ಟಿಕೊಟ್ಟ ಗಿಡಗಳು 11,000 ಜಾತಿಗಳಿಗೂ ಹೆಚ್ಚು ಎಂದು 2009ರ ಒಂದು ಎಣಿಕೆ. ದತ್ತೂರಿಯ ಕುಲದಲ್ಲೂ ಇಂಥವು ಇವೆ. ಶಿವನಿಗೆ ಏರಿಸುವ ಹೂವಿನ ಗಿಡವನ್ನು ಊರ ತುಂಬ ಹಬ್ಬಿಸುವ ಪುಣ್ಯದಲ್ಲಿ ಇರುವೆಗೂ ಪಾಲುಂಟು.

ಇನ್ನು ಕಾಳು ಕೂಡಿಡುವ ಇರುವೆ. ಎರೆ ಹೊಲದ ಬದುವಿನಲ್ಲಿ, ಬೀಳು ಬಿದ್ದ ನೆಲದಲ್ಲಿ, ಗುಂಡಗಿನ ಬಾಯಿಯ ಸುತ್ತ ಹೊಟ್ಟಿನ ಉಂಗುರ ಹಾಕಿಕೊಂಡು ಕೂತಿರುವ ಗೂಡು ಇದರದು. ಹುಲ್ಲಿನ ಕಾಳು ತಂದು, ಹೊಟ್ಟು ಬಿಡಿಸಿ ಹೊರಗೆಸೆದು, ಕಾಳನ್ನು ಒಳಗಿನ ಕೋಣೆಗಳಲ್ಲಿ ತುಂಬುತ್ತದೆ. ನಮ್ಮ ಹಿರಿಯರ ಹಗೇವು ಇದ್ದ ಹಾಗೆಯೇ. ಈಗಿನ ಹುಡುಗರಿಗೆ ಹಗೇವು ಗೊತ್ತಿಲ್ಲ. ನೆಲದಲ್ಲಿ ಆಳಕ್ಕೆ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ಸುರಿದು, ಬಾಯಿಗೆ ಪರಸಿ ಮುಚ್ಚಿ ಮಣ್ಣು ಬಳಿಯುತ್ತಿದ್ದರು. ತೆರೆದ ಕೂಡಲೇ ಇಳಿಯಬಾರದು, ಒಳಗಿನ ಗಾಳಿ ಉಸಿರುಗಟ್ಟಿಸುತ್ತದೆ. ನೀರು ಇಳಿದರೆ ಜೋಳ ಮುಗ್ಗಿ ವರ್ಷದ ಅನ್ನ ಹೋಯಿತು. ಇರುವೆಗೂ ಇದೇ ಭಯ. ಅದಕ್ಕೇ ಮಳೆ ಹೊಳವಾಗಿ ಬಿಸಿಲು ಬಿದ್ದ ದಿನ ಒದ್ದೆ ಕಾಳನ್ನೆಲ್ಲ ಹೊರಗೆ ತಂದು ಹರವಿ ಒಣಗಿಸಿ ಸಂಜೆಗೆ ಒಳಗೆ ಒಯ್ಯುತ್ತದೆ.

ಇದನ್ನು ಬರೆದಿಟ್ಟವನು ವಿಲಿಯಂ ಹೆನ್ರಿ ಸೈಕ್ಸ್. ಬೊಂಬಾಯಿ ಸರ್ಕಾರಕ್ಕೆ ಅಂಕಿಸಂಖ್ಯೆ ಕೂಡಿಸುವ ಕೆಲಸದಲ್ಲಿದ್ದ ದಂಡಿನ ಅಧಿಕಾರಿ. ಪುಣೆಯಲ್ಲಿ ಬೆಳಗಿನ ತಿರುಗಾಟಕ್ಕೆ ಹೋದಾಗ ಕವಾಯತು ಮೈದಾನದ ಬದಿಯ ಬೀಳು ನೆಲದಲ್ಲಿ ಹುಲ್ಲಿನ ಕಾಳಿನ ಸಣ್ಣ ಸಣ್ಣ ಗುಡ್ಡೆಗಳನ್ನು ಕಂಡ. ಇರುವೆಗಳು ನೆಲದೊಳಗಿನಿಂದ ಹೊತ್ತು ತಂದು ಒಣಹಾಕಿದ್ದವು. 1830ರ ದಶಕದಲ್ಲಿ ಅವನು ಅದನ್ನು ಲಂಡನ್ನಿನಲ್ಲಿ ಪ್ರಕಟಿಸಿದ. ಆಗ ಯುರೋಪಿನ ದೊಡ್ಡ ದೊಡ್ಡ ಪಂಡಿತರು ಇರುವೆ ಕಾಳು ಕೂಡಿಡುವುದು ಹಳೆಯ ಗ್ರಂಥಗಳ ಕಟ್ಟುಕತೆ ಎಂದು ತಳ್ಳಿಹಾಕಿದ್ದರು. ಅವರ ಚಳಿ ದೇಶದ ಇರುವೆ ಚಳಿಗಾಲದಲ್ಲಿ ಮಲಗಿಬಿಡುತ್ತದೆ, ಅದಕ್ಕೆ ಉಗ್ರಾಣ ಯಾತಕ್ಕೆ? ದಖ್ಖನಿನ ಯಾವ ರೈತನನ್ನು ಕೇಳಿದ್ದರೂ ಹೇಳುತ್ತಿದ್ದ.

ಈ ಇರುವೆ ಬೀಜ ತಿನ್ನುವುದು ನಿಜ. ಆದರೆ ದಾರಿಯಲ್ಲಿ ಬೀಳಿಸುವುದು, ಹೊಟ್ಟಿನ ಜೊತೆ ಹೊರಗೆಸೆಯುವುದು, ಇಟ್ಟು ಮರೆಯುವುದು ಎಲ್ಲ ಉಂಟು. ಮಳೆಗೆ ಗೂಡಿನ ಸುತ್ತಲೇ ಹುಲ್ಲು ಚಿಗುರುತ್ತದೆ. ಬೀಜ ಬಿತ್ತುವವರಲ್ಲಿ ಕೂಲಿಯಾಗಿ ಬೀಜವನ್ನೇ ತಿನ್ನುವವರೂ ಇರಬೇಕಲ್ಲ.

ನಮ್ಮ ಜನರಿಗೆ ಈ ಲೆಕ್ಕ ಎಲ್ಲೋ ಗೊತ್ತಿದ್ದಿರಬೇಕು. ಎಳ್ಳ ಅಮಾವಾಸ್ಯೆಗೆ ಬಂಡಿ ಕಟ್ಟಿಕೊಂಡು, ಈಗ ಟ್ರ್ಯಾಕ್ಟರಿನಲ್ಲಿ, ಹೊಲಕ್ಕೆ ಹೋಗಿ ಸಜ್ಜೆ ರೊಟ್ಟಿ, ಕಡುಬು, ಭಜ್ಜಿ ಪಲ್ಯ ಎಡೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಭೂಮಿತಾಯಿಗೆ ಎಂದು ಚೆಲ್ಲಿದ್ದು. ಊಟ ಮುಗಿಸಿ ತೊಗರಿ ನೆರಳಲ್ಲಿ ಅಡ್ಡಾದವರು ಕಣ್ಣು ತೆರೆದು ನೋಡಿದರೆ ಆ ತಾಯಿಯ ಪರವಾಗಿ ಚರಗ ವಸೂಲು ಮಾಡುತ್ತಿರುವವರು ಯಾರೆಂದು ತಿಳಿಯುತ್ತದೆ.

ಇರುವೆಯನ್ನು ದೇವರ ಮಗು ಮಾಡಿ ಕೂರಿಸುವ ಉದ್ದೇಶ ನನಗಿಲ್ಲ. ತೊಗರಿ ಗಿಡದ ಕಾಂಡದ ಮೇಲೆ ಬೆನ್ನಿಗೆ ಕೊಂಬಿರುವ ಸಣ್ಣ ರಸ ಹೀರುವ ಕೀಟಗಳು ಸಾಲಾಗಿ ಕೂತಿರುತ್ತವೆ. ಕರಿ ಇರುವೆ ಅವುಗಳ ಬೆನ್ನು ತಟ್ಟಿ ಸಿಹಿ ಹನಿ ಕುಡಿಯುತ್ತದೆ, ಬದಲಿಗೆ ಅವುಗಳನ್ನು ಕಾಯುತ್ತದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ತೊಗರಿಯ ರಸ ಇದಕ್ಕೆ ಬಂಡವಾಳ. ಇದನ್ನು ನಮ್ಮ ಕಾಕಾನಿಗೆ ತೋರಿಸಿದಾಗ "ನಮ್ಮ ಹೊಲದಾಗ ನಮಗೆ ತಿಳೀದೆ ಡೈರಿ ಇಟ್ಟಾವಲ್ಲೋ" ಎಂದ. ಆದರೆ ಅದೇ ಕಾಕಾ ಕಾಯಿಕೊರಕ ಬಿದ್ದ ವರ್ಷ ಗಿಡ ಬಗ್ಗಿಸಿ ಅಲುಗಿಸಿ ಹುಳ ಉದುರಿಸುವಾಗ, ಹಾಸಿದ ತಾಡಪತ್ರಿಯಿಂದ ಹೊರಗೆ ಬಿದ್ದ ಹುಳಗಳನ್ನು ಒಂದೂ ಬಿಡದೆ ಎಳೆದೊಯ್ದದ್ದು ಇರುವೆ.

ಇಷ್ಟೆಲ್ಲ ಇರುವವರಿಗೆ ಏನಾಗಬೇಕು ಎಂದು ನೀವು ಕೇಳಬಹುದು. ತಲೆಗೆ 25 ಲಕ್ಷ ಇರುವ ಜನಾಂಗಕ್ಕೆ ಅಳಿವಿನ ಭಯವೇ? ಮನೆಯೊಳಗಿನ ಇರುವೆಗೆ ಇಲ್ಲ. ಅದು ನಮ್ಮ ಜೊತೆ ಚಂದ್ರಲೋಕಕ್ಕೂ ಬರುತ್ತದೆ. ಭಯವಿರುವುದು ಬದುವಿನವರಿಗೆ, ಬೀಳಿನವರಿಗೆ.

ಮೃಗಶಿರಾ ಕೂಡಿದ ದಿನ ಎರೆ ಮಣ್ಣಿನ ಮೇಲೆ ಕೆಂಪು ಮಖಮಲ್ಲಿನ ಮಿರಗದ ಹುಳ ಹರಿದಾಡುತ್ತಿದ್ದವು. ಕಡ್ಡಿಪೆಟ್ಟಿಗೆಯಲ್ಲಿ ತುಂಬಿ ಶಾಲೆಗೆ ಒಯ್ಯುತ್ತಿದ್ದೆವು. ಎಂಟು ಕಾಲಿನ ಅದು ಕೀಟವಲ್ಲ, ಉಣ್ಣಿಯ ನೆಂಟ ಎಂದು ಮೇಷ್ಟ್ರು ಹೇಳಿದರೂ ನಮಗೆ ಅದು ಹುಳವೇ. ಈಗ ಮಕ್ಕಳಿಗೆ ಒಂದು ತೋರಿಸಬೇಕಾದರೆ ಹೊಲ ಹೊಲ ತಿರುಗಬೇಕು. ರಾತ್ರಿ ವಾಡಿ ಜಂಕ್ಷನ್ನಿನಲ್ಲಿ ರೈಲು ಕಾಯುವಾಗ ಫಲಾಟಿನ ದೀಪಗಳ ಸುತ್ತ ಮಳೆಗಾಲದಲ್ಲಿ ಕವಿಯುತ್ತಿದ್ದ ಹುಳದ ಮೋಡ ಚಹಾದ ಕಪ್ಪಿನೊಳಗೂ ಬೀಳುತ್ತಿತ್ತು. ಈಗ ಚಹಾ ಸ್ವಚ್ಛವಾಗಿದೆ. ಹಳಬರಿಗೆ ಎಲ್ಲ ಕಡಿಮೆಯಾದಂತೆ ಕಾಣುವುದು ವಯಸ್ಸಿನ ಗುಣ ಎನ್ನುವವರು ಜರ್ಮನಿಯ ಕ್ರೇಫೆಲ್ಡ್ ಊರಿನ ಹವ್ಯಾಸಿಗಳ ಲೆಕ್ಕ ನೋಡಬೇಕು. ಅವರು 63 ಸಂರಕ್ಷಿತ ಜಾಗಗಳಲ್ಲಿ ಬಲೆ ಕಟ್ಟಿ, ಬಿದ್ದ ಹಾರುವ ಕೀಟಗಳನ್ನು ತೂಗಿ ಬರೆದಿಟ್ಟಿದ್ದರು. 2017ರಲ್ಲಿ ಆ ಲೆಕ್ಕ ಹೊರಬಿತ್ತು. 27 ವರ್ಷಗಳಲ್ಲಿ ತೂಕ ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದಿತ್ತು. ಕಾಯ್ದಿಟ್ಟ ಜಾಗಗಳಲ್ಲೇ ಹೀಗೆ.

ಒಂದು ಹುಳ ಹೋದರೆ ಅದೊಂದೇ ಹೋಗುವುದಿಲ್ಲ ಎಂಬುದಕ್ಕೆ ಇಂಗ್ಲೆಂಡಿನ ಒಂದು ನೀಲಿ ಚಿಟ್ಟೆಯ ಕಥೆ ಇದೆ. ಅದರ ಮರಿಹುಳ ಒಂದು ಜಾತಿಯ ಕೆಂಪಿರುವೆಯ ಗೂಡಿನಲ್ಲಿ ತನ್ನನ್ನು ಇರುವೆಮರಿ ಎಂದು ನಂಬಿಸಿ, ಅವುಗಳ ಮರಿಗಳನ್ನೇ ತಿಂದು ಬೆಳೆಯುತ್ತದೆ. 1950ರ ದಶಕದಲ್ಲಿ ರೋಗ ಬಂದು ಅಲ್ಲಿನ ಮೊಲಗಳು ಸತ್ತವು. ಮೇಯುವವರಿಲ್ಲದೆ ಹುಲ್ಲು ಬೆಳೆಯಿತು. ಹುಲ್ಲಿನ ನೆರಳಿಗೆ ನೆಲ ತಣ್ಣಗಾಯಿತು. ಬಿಸಿ ನೆಲ ಬೇಕಾದ ಆ ಇರುವೆ ಜಾಗ ಬಿಟ್ಟಿತು. 1979ರಲ್ಲಿ ಬ್ರಿಟನ್ನಿನಿಂದ ಚಿಟ್ಟೆ ಅಳಿಯಿತು. ಚಿಟ್ಟೆ ಉಳಿಸಲೆಂದು ಬೇಲಿ ಹಾಕಿ ದನ ಕುರಿ ಹೊರಗಿಟ್ಟವರೂ ಇದ್ದರು. ಅದರಿಂದ ಇನ್ನಷ್ಟು ಕೆಟ್ಟಿತು. ಜೆರೆಮಿ ಥಾಮಸ್ ಎಂಬುವರು ವರ್ಷಗಟ್ಟಲೆ ಹುಲ್ಲಲ್ಲಿ ಕೂತು ಈ ಸರಪಳಿ ಬಿಡಿಸಿದ ಮೇಲೆ, ದನ ಮೇಯಿಸಿ ಹುಲ್ಲು ತಗ್ಗಿಸಿ, 1983ರಿಂದ ಸ್ವೀಡನ್ನಿನ ಚಿಟ್ಟೆ ತಂದು ಬಿಟ್ಟರು. ನಮ್ಮ ಕುರುಬರನ್ನು ಕರೆದು ಹಟ್ಟಿ ಹಾಕಿಸಿದ್ದರೆ ಖರ್ಚು ಕಡಿಮೆ ಆಗುತ್ತಿತ್ತು.

ಬೀಜದ ಕಥೆ ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದ್ದು. ಅಲ್ಲಿನ ಪೊದೆಗಾಡಿನಲ್ಲಿ ಇರುವೆ ಹೂಳಿದ ಬೀಜವೇ ಕಾಡ್ಗಿಚ್ಚಿನ ಅನಂತರ ಮೊಳೆಯುವುದು. ಹಡಗಿನಲ್ಲಿ ಬಂದಿಳಿದ ಅರ್ಜೆಂಟೀನಾದ ಇರುವೆ ನೆಲದ ಇರುವೆಗಳನ್ನು ಓಡಿಸಿತು. ಅದು ಬೀಜದ ಗಂಟನ್ನು ಬಿದ್ದಲ್ಲೇ ತಿಂದು ಬೀಜವನ್ನು ಬಯಲಿಗೆ ಬಿಟ್ಟು ಹೋಗುತ್ತದೆ. 1984ರಲ್ಲಿ ಬಾಂಡ್ ಮತ್ತು ಸ್ಲಿಂಗ್ಸ್‌ಬಿ ಎಂಬಿಬ್ಬರು ಬೀಜ ಇಟ್ಟು ನೋಡಿದರು. ಊರ ಇರುವೆ ಇದ್ದಲ್ಲಿ ಮೂರರಲ್ಲಿ ಒಂದು ಮೊಳೆಯಿತು. ಪರದೇಶಿ ಇರುವೆ ಇದ್ದಲ್ಲಿ ನೂರಕ್ಕೆ ಒಂದೂ ಇಲ್ಲ. ಕಣ್ಣಿಗೆ ಕಾಡು ಹಸಿರಾಗಿಯೇ ಇತ್ತು.

ನಮ್ಮಲ್ಲಿ ಪರದೇಶದವರು ಬರಬೇಕಾಗಿಲ್ಲ, ಅಣ್ಣತಮ್ಮಂದಿರೇ ಸಾಕು. ಬದು ಎನ್ನುವುದು ಇಬ್ಬರ ನಡುವಿನ ಆಸ್ತಿ. ಆ ಕಡೆಯವನು ಈ ವರ್ಷ ಒಂದು ಗೇಣು ಕೆತ್ತುತ್ತಾನೆ, ಈ ಕಡೆಯವನು ಮುಂದಿನ ವರ್ಷ. ನಡುವೆ ಉಳಿದದ್ದು ಕಾಲಿಡಲೂ ಸಾಲದು. ಆಮೇಲೆ ಇಬ್ಬರೂ ವಕೀಲರನ್ನು ಹಿಡಿದು ಕೋರ್ಟಿಗೆ ಅಲೆಯುತ್ತಾರೆ. ಆ ವ್ಯಾಜ್ಯದಲ್ಲಿ ಮೂರನೇ ಪಕ್ಷಗಾರ ಇರುವೆ. ಅದರ ಹಗೇವು ಎರಡೂ ಕಡೆಯಿಂದ ಹೋಯಿತು. ಉಳಿದ ಬದುವಿಗೆ ಬೇಸಿಗೆಯಲ್ಲಿ ಬೆಂಕಿ, ಮಳೆಗಾಲದಲ್ಲಿ ಕಳೆನಾಶಕ. ಹಿಂದೆ ಬಿತ್ತುವ ಬೀಜಕ್ಕೂ ಮನೆಯ ಮೂಲೆಗೂ ಬಿಎಚ್‌ಸಿ ಪುಡಿ ಉದುರಿಸುತ್ತಿದ್ದೆವು. 1997ರಲ್ಲಿ ಅದಕ್ಕೆ ನಿಷೇಧ ಬಂತು. ತೊಗರಿಗೆ ಹೊಡೆಯುತ್ತಿದ್ದ ಎಂಡೋಸಲ್ಫಾನ್‌ಗೆ 2011ರಲ್ಲಿ. ಹೆಸರು ಬದಲಾಗುತ್ತ ಹೊಸವು ಬರುತ್ತಲೇ ಇವೆ. ಕೊರಕನ ಜೊತೆ ಕೊರಕನನ್ನು ಎಳೆದೊಯ್ಯುವವನೂ ಸಾಯುತ್ತಾನೆ, ಮುಂದಿನ ಸಲ ಔಷಧ ಇನ್ನೊಂದು ಕೈ ಜಾಸ್ತಿ.

ಗಣಿಗಳ ಮಾತು ಬೇರೆ. ಶಹಾಬಾದ್, ವಾಡಿ, ಸೇಡಂ ಸುತ್ತ ಕಲ್ಲು ತೆಗೆಯುವ ಮೊದಲು ಮೇಲಿನ ಮಣ್ಣು ತೆಗೆಯಬೇಕು. ಅದರೊಳಗೆ ಬೀಜವೂ ಇರುತ್ತದೆ, ಬೀಜ ಹೊರುವವರೂ ಇರುತ್ತಾರೆ. ಕೆಲಸ ಮುಗಿದ ಕುಣಿಯ ದಂಡೆಗೆ ಸಸಿ ನೆಟ್ಟು ಫಲಕ ಹಾಕುವುದು ಈಗಿನ ರೂಢಿ. ಪಶ್ಚಿಮ ಆಸ್ಟ್ರೇಲಿಯಾದ ಬಾಕ್ಸೈಟ್ ಗಣಿಗಳಲ್ಲಿ ಜೊನಾಥನ್ ಮೇಜರ್ ಎಂಬ ಕೀಟಶಾಸ್ತ್ರಜ್ಞ 1970ರ ದಶಕದಿಂದ ಬೇರೆ ಪರೀಕ್ಷೆ ನಡೆಸಿದ. ನೆಟ್ಟ ಸಸಿ ಎಷ್ಟೆಂದು ಕೇಳದೆ, ಮರಳಿ ಬಂದ ಇರುವೆ ಎಷ್ಟು ಜಾತಿ ಎಂದು ಎಣಿಸಿದ. ಸಸಿಯ ಲೆಕ್ಕವನ್ನು ಕಾಗದದ ಮೇಲೆ ತಿದ್ದಬಹುದು, ಇರುವೆಯನ್ನು ಕರೆತಂದು ನಿಲ್ಲಿಸಲು ಬರುವುದಿಲ್ಲ. ನಮ್ಮ ತನಿಖಾಧಿಕಾರಿಗಳಿಗೂ ಇದನ್ನೇ ಕಲಿಸಬೇಕೆಂಬುದು ನನ್ನ ಮತ.

ಚಿಂಚೋಳಿಯ ಕಾಡು ಮಾತ್ರ 2011ರಲ್ಲಿ ವನ್ಯಧಾಮವಾಯಿತು. 134 ಚದರ ಕಿಲೋಮೀಟರು, ಕೆಂಪು ಮಣ್ಣಿನ ಒಣಗಾಡು, ನಡುವೆ ಚಂದ್ರಂಪಳ್ಳಿಯ ನೀರು. ಅಲ್ಲಿ ಏನಿದೆ ಎಂದರೆ ತೋಳ, ಕತ್ತೆಕಿರುಬ, ಕೃಷ್ಣಮೃಗ ಎಂದು ಹೇಳುತ್ತಾರೆ. ಅವು ಇವೆ, ಇರಲಿ. ಆದರೆ ಬೆಳಿಗ್ಗೆ ಹೋಗಿ ರಾತ್ರಿ ಬರುವವರಿಗೆ ತೋಳ ಕಾಣುವುದು ಹಣೆಬರಹ. ಇರುವೆ ಕಾಣುವುದಕ್ಕೆ ಹಣೆಬರಹ ಬೇಡ, ಮೊಣಕಾಲು ಗಟ್ಟಿ ಇದ್ದರೆ ಸಾಕು.

ಹೊಲ ಇರುವವರಲ್ಲಿ ನನ್ನದೊಂದು ಬೇಡಿಕೆ. ಸೇಡಂ ಇರಲಿ, ಚಿತ್ತಾಪುರ ಇರಲಿ, ಈ ಬೇಸಿಗೆ ನಿಮ್ಮ ಬದುಗಳಲ್ಲಿ ಒಂದಕ್ಕೆ, ಬೇಕಾದರೆ ಎಲ್ಲಕ್ಕಿಂತ ಚಿಕ್ಕದಕ್ಕೆ, ಬೆಂಕಿ ಹಚ್ಚಬೇಡಿ, ಔಷಧ ಹೊಡೆಯಬೇಡಿ, ಕುಂಟೆಯನ್ನು ಒಂದು ಮಾರು ಈಚೆಗೇ ತಿರುಗಿಸಿಕೊಳ್ಳಿ. ಅದರ ಮೇಲೆ ತಾನೇ ಎದ್ದ ಔಡಲ ಇದ್ದರೆ ಇರಲಿ. ಪಕ್ಕದ ಹೊಲದ ಅಣ್ಣನಿಗೂ ಒಂದು ಮಾತು ಹೇಳಿ. ಕೋರ್ಟಿನಲ್ಲಿ ಮಾತಾಡುವುದು ಹೇಗೂ ಇದ್ದೇ ಇದೆ.